ಚುಕ್ಕಿಗವಿಯ ಮೂರನೆಯ ಗಂಟೆ

ಸವಣೂರು ಕ್ಯಾಂಪ್
೯ ಜೂನ್ ೨೦೨೪

ನನ್ನವ್ವಾ ಭಾಗ್ಯಾ,

ಪರದೆ ಸರಿಯಲಿ, ದೀಪ ಬೆಳಗಲಿ, ನಿನ್ನ ತಾಯಿ ಮಾದೇವಿ ರಂಗಕ್ಕೆ ಬರುತ್ತಿದ್ದಾಳೆ!

ನಗಬೇಡ. ಫೋನಿನಲ್ಲಿ ನಾನು "ಹಲೋ" ಅಂದ ಕೂಡಲೇ ನೀನು ಫೋನನ್ನು ಮಾರು ದೂರ ಹಿಡಿಯುತ್ತೀ ಎಂದು ನನಗೆ ಗೊತ್ತು. ಮೈಕು ಕೈಕೊಟ್ಟ ದಿನವೂ ಕೊನೆಯ ಸಾಲಿನ ಚಾಪೆಯವರೆಗೆ ಮಾತು ಮುಟ್ಟಿಸಿದ ಗಂಟಲು ಇದು. ಅಂಗೈಯಷ್ಟು ಯಂತ್ರದೊಳಗೆ ಅದನ್ನು ಹೇಗೆ ತುರುಕಲಿ? ಮೇಲಾಗಿ ಆ ಗವಿಕೊಪ್ಪದಲ್ಲಿ ನೀರಿನ ಟಾಕಿ ಹತ್ತಿ ನಿಂತರೆ ಮಾತ್ರ ನಿನಗೆ ಸಿಗ್ನಲ್ಲು. ಅಲ್ಲಿ ನಿಂತು "ಹೂಂ, ಊಟ ಆತು" ಅನ್ನುತ್ತೀ. "ಮತ್ತೇನು?" ಅಂದರೆ "ಏನಿಲ್ಲ" ಅನ್ನುತ್ತೀ. ಆ 'ಏನಿಲ್ಲ' ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಕಾಗದ. ಕಾಗದದಲ್ಲಿ 'ಏನಿಲ್ಲ' ಎಂದು ಬರೆದು ಅಂಚೆಗೆ ಹಾಕುವಷ್ಟು ಹುಚ್ಚಿ ನೀನಲ್ಲ.

ನಮ್ಮ ನಾಟಕ ಕಂಪನಿ ಮಳೆಗಾಲ ಮುಗಿಯುವತನಕ ಇಲ್ಲೇ. ತಗಡಿನ ಥೇಟರಿನ ಮೇಲೆ ಮಳೆ ಬಡಿದರೆ ನನ್ನ ದನಿಯೂ ಸೋಲುತ್ತದೆ; ಹಾಗೆಂದು ಮಳೆಗೆ ಹೇಳಬೇಡ, ಸೊಕ್ಕು ಬಂದೀತು. ಈ ಸಲ ನನ್ನದು ಊರಗೌಡನ ಹೆಂಡತಿ ಗೌಡಶಾನಿಯ ಪಾರ್ಟು. ಎರಡನೆಯ ಅಂಕದಲ್ಲಿ ಗಂಡನಿಗೂ ಮಗನಿಗೂ ಕೂಡಿಯೇ ಬೈಯುತ್ತೇನೆ, ಜನ ಸೀಟಿ ಹೊಡೆಯುತ್ತಾರೆ.

ನಿನ್ನೆ ಲೈಟಿನ ಬಂದೇಸಾಬ ಕೇಳಿದ, "ಭಾಗ್ಯಾ ಈಗ ಏನ್ ಓದಾಕತ್ತಾಳ್ರೀ ಅಕ್ಕಾರ?" ಅಂತ.

"ಡಾಕ್ಟರ್ ಆಗಾಕತ್ತಾಳ. ಹಾನಗಲ್ಲ ಕಡೆ ಗುಡ್ಡದಾಗ ಕುಂತು ಹುಳದ ಮ್ಯಾಲ ಬರಿಯಾಕತ್ತಾಳ" ಅಂದೆ.

"ಅಲ್ಲಾ! ನನ್ನ ಲೈಟಿಗೆ ಮುತ್ತಿದ ಹುಳಾ ಬಳಿದು ಬಳಿದು ನನ್ನ ರಟ್ಟಿ ಸೋತಾವು. ನನಗ ಯಾರೂ ಡಾಕ್ಟರ್ ಅನ್ನಲಿಲ್ಲ ನೋಡ್ರಿ!"

ಅದಿರಲಿ. ಅಲ್ಲಿ ನೀನು ದಿನವೂ ಏನು ನೋಡುತ್ತೀ? ನನ್ನ ಕಣ್ಣಿಗೆ ಕಾಣುವ ಹಾಗೆ ಬರೆ. ಪುಸ್ತಕದ ಮಾತು ಬೇಡ.

ಗಂಟಲು ಹರಿದರೂ ನಿನ್ನ ಹೆಸರನ್ನೇ ಕೂಗುವ,
ಅವ್ವ

❖

ಗವಿಕೊಪ್ಪ
೨೩ ಜೂನ್ ೨೦೨೪

ಅವ್ವಾ,

ನಿನ್ನ ಕಾಗದವನ್ನು ಓದುವಾಗಲೂ ದೂರ ಹಿಡಿದೇ ಓದಿದೆ.

ನಾನಿರುವುದು ರಹಿಮಾಬಿ ಚಿಗವ್ವನ ಮನೆಯ ಮುಂದಿನ ಕೋಣೆಯಲ್ಲಿ. ಅವಳದು ಗುಡ್ಡದ ಬುಡದಲ್ಲಿ ಮಿರ್ಚಿ-ಚಹಾದ ಅಂಗಡಿ. ಅಲ್ಲಿಂದ ಕೆಂಗಲ್ಲಿನ ಗುಡ್ಡ ಅರ್ಧ ಹತ್ತಿದರೆ ಗವಿ. ಊರವರು ಅದಕ್ಕೆ ಚುಕ್ಕಿಗವಿ ಅನ್ನುತ್ತಾರೆ. ಒಳಗೆ ಬೇಸಿಗೆಯಲ್ಲೂ ಗೋಡೆ ಬೆವರುತ್ತದೆ. ಆ ತೇವಕ್ಕೆ ಸಣ್ಣ ಸಣ್ಣ ಬಸವನಹುಳಗಳು. ಅವನ್ನು ತಿಂದು ಬೆಳೆಯುವುವು ಮಿಣುಕುಹುಳದ ಮರಿಗಳು. ಮೇಲೆ ಛತ್ತಿನಲ್ಲಿ ಬಾವಲಿಗಳು, ಮರಿಗಳನ್ನು ಹೊಟ್ಟೆಗೆ ಕಚ್ಚಿಸಿಕೊಂಡು ತೂಗುತ್ತಿರುತ್ತವೆ; ಅವುಗಳ ಹಿಕ್ಕೆಯೇ ಬಸವನಹುಳಗಳಿಗೆ ಮೇವು. ಎಲ್ಲವೂ ಒಂದರ ಮೇಲೊಂದು ನಿಂತ ಮಡಕೆಗಳ ಹಾಗೆ. ಕೆಳಗಿನದನ್ನು ಸರಿಸಿದರೆ ಎಲ್ಲವೂ ಉರುಳುತ್ತವೆ.

ಮಳೆ ಹಿಡಿದ ಮೇಲೆ ಬೆಳೆದ ಹುಳಗಳು ಗವಿಯಿಂದ ಹೊರಗಿನ ಇಳಿಜಾರಿನ ಹುಲ್ಲಿಗೆ ಬರುತ್ತವೆ. ಗಂಡಿಗೆ ರೆಕ್ಕೆ ಇವೆ. ಹೆಣ್ಣಿಗೆ ಇಲ್ಲ. ಅವಳು ಹುಲ್ಲಿನ ಎಸಳು ಹತ್ತಿ ಕುಳಿತು ಹಸಿರು ದೀಪ ಹಚ್ಚುತ್ತಾಳೆ. ಹೋಗಿ ಹುಡುಕಲು ಆಗುವುದಿಲ್ಲ, ಕರೆಯಬಹುದು ಅಷ್ಟೇ. ದೊಡ್ಡವಳಾದ ಮೇಲೆ ಅವಳು ಏನನ್ನೂ ತಿನ್ನುವುದಿಲ್ಲ, ಮೈಯಲ್ಲಿ ಇದ್ದಷ್ಟನ್ನೇ ಉರಿಸುತ್ತಾಳೆ. ಗಂಡು ಆ ಬೆಳಕನ್ನು ಗುರುತಿಸಿ ಬಂದ ಮೇಲೆ ದೀಪ ಆರಿಸಿ, ತತ್ತಿ ಇಡಲು ಮಣ್ಣಿಗೆ ಇಳಿಯುತ್ತಾಳೆ.

ಅವ್ವಾ, ನಮಗೆ ದೀಪ ಆರಿತು ಅಂದರೆ ಅಪಶಕುನ. ಇಲ್ಲಿ ಆರಿದರೇ ಶುಭ. ಕಾಯುವುದು ಮುಗಿಯಿತು ಅಂತ.

ಮೊನ್ನೆ ಮಬ್ಬುಗತ್ತಲಲ್ಲಿ ಇಡೀ ಇಳಿಜಾರು ಹಸಿರು ಚುಕ್ಕಿಗಳಿಂದ ತುಂಬಿತ್ತು. ನೀನಿದ್ದರೆ ಮಾತು ನಿಲ್ಲಿಸುತ್ತಿದ್ದೆ.

ಇದನ್ನು ನಿನಗೆ ಮಾತ್ರ ಬರೆದದ್ದು. ಯಾರಿಗೂ ಹೇಳಬ್ಯಾಡ.

ನಿನ್ನ,
ಭಾಗ್ಯಶ್ರೀ

❖

ಸವಣೂರು ಕ್ಯಾಂಪ್
೮ ಜುಲೈ ೨೦೨೪

ನನ್ನ ಮುತ್ತೇ, ನನ್ನ ಮಾಣಿಕ್ಯವೇ!

ಕೇಳು, ಕಿವಿಗೊಟ್ಟು ಕೇಳು! ನಿನ್ನ ತಾಯಿ ಶನಿವಾರ ರಾತ್ರಿ ಸವಣೂರನ್ನೇ ಗೆದ್ದಳು!

ಥೇಟರು ತುಂಬಿತ್ತು. ಎರಡನೆಯ ಅಂಕದಲ್ಲಿ ಮಗನ ಪಾರ್ಟಿನವನು ಎಂದಿನಂತೆ "ಈ ಊರಾಗ ಏನ್ ಐತಿ ಅಂತ ಇರ್ಲಿ ಅವ್ವಾ?" ಅಂದ. ಕ್ಯಾಂಪು ಬಿದ್ದ ಸೀಮೆಯನ್ನು ನಾಟಕದ ನಡುವೆ ಹೊಗಳುವುದು ನಮ್ಮ ಕಂಪನಿಯ ಪದ್ಧತಿ, ನಿನಗೆ ಗೊತ್ತಲ್ಲ. ಎಲ್ಲ ಕ್ಯಾಂಪಿನಲ್ಲೂ ಅದೇ ಮಾತು: ಇಲ್ಲಿಯ ಖಾರಾ, ಇಲ್ಲಿಯ ವೀಳ್ಯದೆಲೆ, ಇಲ್ಲಿಯ ಶರಣರು. ಅಂದು ಯಾಕೋ ನಿನ್ನ ಕಾಗದ ಕುಪ್ಪಸದಲ್ಲೇ ಇತ್ತು. ನಾನು ಮುಂದೆ ಬಂದೆ. ಕೈ ಎತ್ತಿದೆ. "ಏನ್ ಐತಿ ಅಂತೀಯೇನೋ ಮೂಢಾ? ಹಾನಗಲ್ಲ ಸೀಮಿಯ ಗವಿಕೊಪ್ಪಕ್ಕ ಹೋಗು! ಆಕಾಶದ ಚುಕ್ಕಿಗೋಳು ಆಕಾಶ ಬೇಸರಾಗಿ ಅಲ್ಲಿ ಗುಡ್ಡಕ್ಕ ಇಳದಾವ! ರೆಕ್ಕಿ ಇಲ್ಲದ ಹೆಣ್ಣು ಹುಲ್ಲಿನ ಮ್ಯಾಲ ಕುಂತು ಹಸರ ದೀಪಾ ಹಚ್ಚಿ ಕಾಯಾಕತ್ತಾಳ! ಅದನ್ನ ಕಂಡು ಬರದಾಕಿ ಯಾರು? ನನ್ನ ಹೊಟ್ಟಿಯೊಳಗ ಹುಟ್ಟಿದ ಮಗಳು!"

ಸೀಟಿಯೋ ಸೀಟಿ! "ಒನ್ಸ್ ಮೋರ್" ಎಂದು ಕೂಗಿ ಮತ್ತೆ ಹೇಳಿಸಿದರು. ಮುಂದಿನ ಸಾಲಿನವರು ಮೊಬೈಲು ಎತ್ತಿ ಹಿಡಿದಿದ್ದರು. ಬಂದೇಸಾಬ ಕೂಡ ನನ್ನ ಮುಖಕ್ಕೆ ಹಸಿರು ಬೆಳಕು ಬಿಟ್ಟ!

ಯಾರಿಗೂ ಹೇಳಬೇಡ ಅಂದಿದ್ದೆ, ನೆನಪಿದೆ. ಆದರೆ ಇದು ಹೇಳಿದ್ದಲ್ಲ ಮಗಳೇ, ಹಾಡಿದ್ದು. ನಿನ್ನ ಹೆಸರನ್ನು ತುಂಬಿದ ಥೇಟರಿನಲ್ಲಿ ಹೇಳಬೇಕೆಂದು ಎಷ್ಟು ವರ್ಷದಿಂದ ಇತ್ತೋ.

ಇನ್ನೂ ಚಪ್ಪಾಳೆಯ ಗುಂಗಿನಲ್ಲಿರುವ,
ನಿನ್ನ ಅವ್ವ

❖

ಗವಿಕೊಪ್ಪ
೨೯ ಜುಲೈ ೨೦೨೪

ಅವ್ವಾ,

ಹೇಳಬ್ಯಾಡ ಅಂದಿದ್ದೆ.

ನಿನ್ನ ಹಸಿರು ಮುಖದ ವಿಡಿಯೋ ನಾನೂ ನೋಡಿದೆ. ಟಾಕಿ ಹತ್ತಬೇಕಾಗಲಿಲ್ಲ, ಬಂದವರೇ ತೋರಿಸಿದರು. ದುಂಡಸಿಯಿಂದ ಬೈಕುಗಳು, ಹಿರೇಬೆಂಡಿಗೇರಿಯಿಂದ ಜೀಪು, ಅಬಲೂರಿನಿಂದ ಟ್ರ್ಯಾಕ್ಟರಿನ ತುಂಬ ಜನ. ಮೊದಲ ವಾರ ಇಳಿಜಾರಿನ ಹುಲ್ಲು ಹೋಯಿತು. ಎರಡನೆಯ ವಾರ ಎಲ್ಲರೂ ಗವಿಯೊಳಗೆ. ಕಾಲಡಿಯಲ್ಲಿ ಬಸವನಹುಳಗಳು ಹುರಿಗಡಲೆಯ ಹಾಗೆ ಚಟಚಟ ಒಡೆಯುತ್ತಿದ್ದವು. ಗೋಡೆಯ ಮೇಲೆ ಇದ್ದಿಲಲ್ಲಿ ಯಾರೋ ತಮ್ಮ ಹುಡುಗಿಯ ಹೆಸರು ಬರೆದಿದ್ದಾರೆ. ಟಾರ್ಚಿಗೆ ಬೆಚ್ಚಿ ಬಾವಲಿಗಳು ಎದ್ದಾಗ ಮರಿಗಳು ಕೆಳಗೆ ಬಿದ್ದವು. ಬಿದ್ದವನ್ನು ಎತ್ತಿ ಗೋಡೆಗೆ ಹಚ್ಚಲು ನೋಡಿದೆ. ಹೆಚ್ಚಿನವು ಉಳಿಯಲಿಲ್ಲ.

ಹೊರಗೆ ಅಳಿದುಳಿದ ಹೆಣ್ಣುಗಳು ಹೊಳೆಯುತ್ತಲೇ ಇವೆ. ಬಂದವರು "ಏನ್ ಮಸ್ತ್ ಹೊಳೀತಾವಲೇ!" ಎಂದು ಕುಣಿಯುತ್ತಾರೆ. ಮೊಬೈಲು, ಹೆಡ್‌ಲೈಟುಗಳ ಬೆಳಕಿನಲ್ಲಿ ಗಂಡಿಗೆ ಇವಳ ದೀಪ ಕಾಣುವುದಿಲ್ಲ. ಅವನು ಬರುವುದಿಲ್ಲ. ಇವಳು ಮರುದಿನವೂ ಹಚ್ಚುತ್ತಾಳೆ, ಅದರ ಮರುದಿನವೂ. ಮೈಯಲ್ಲಿದ್ದದ್ದು ಮುಗಿಯುವತನಕ. ಹೊಳೆಯುವುದೇ ಅವರ ದುಃಖ ಅಂತ ಯಾರಿಗೆ ಹೇಳಲಿ? ಈ ವರ್ಷದ ತತ್ತಿ ಇಲ್ಲದಿದ್ದರೆ ಬರುವ ಮಳೆಗಾಲಗಳಲ್ಲಿ ಚುಕ್ಕಿಯೂ ಇಲ್ಲ.

ಪಂಚಾಯತಿ ಅಧ್ಯಕ್ಷರು ಪ್ರಭು ಅಂತ. ಅವರಿಗೆ ಹಬ್ಬ ಬಂದಷ್ಟು ಖುಷಿ. ಗವಿಗೆ ಸಿಮೆಂಟಿನ ಮೆಟ್ಟಿಲು, ಒಳಗೆ ಬಣ್ಣಬಣ್ಣದ ಲೈಟು ಹಾಕಿಸುವ ಮಾತಾಡುತ್ತಿದ್ದಾರೆ.

ಸ್ವಲ್ಪ ದಿನ ನಾನು ಬರೆಯುವುದಿಲ್ಲ.

ಭಾಗ್ಯಶ್ರೀ

❖

ಸವಣೂರು ಕ್ಯಾಂಪ್
೧೮ ಆಗಸ್ಟ್ ೨೦೨೪

ಭಾಗ್ಯಾ,

ನಿನ್ನ ಕಾಗದ ಓದಿದ ದಿನ ಗೌಡಶಾನಿಯ ದನಿ ಏಳಲಿಲ್ಲ. ಹಿಂದಿನ ಸಾಲಿನಿಂದ "ಕೇಳವಲ್ದೂ!" ಎಂದು ಕೂಗಿದರು. ನನ್ನ ಜನ್ಮದಲ್ಲಿ ಆ ಮಾತು ಕೇಳಿರಲಿಲ್ಲ.

ಆದರೆ ಧೈರ್ಯ ತಾಳು! ನಾಲಿಗೆಯಿಂದ ಕೆಟ್ಟದ್ದನ್ನು ನಾಲಿಗೆಯಿಂದಲೇ ರಿಪೇರಿ ಮಾಡಿದ್ದೇನೆ. ನಿನ್ನೆ ಅದೇ ಜಾಗದಲ್ಲಿ, ಅದೇ ಅಂಕದಲ್ಲಿ, ಕೂದಲು ಬಿಚ್ಚಿ, ಕಣ್ಣು ಕೆಂಪಗೆ ಮಾಡಿ ಗುಡುಗಿದೆ: "ಎಚ್ಚರ! ಆ ಗವಿಯೊಳಗ ಏಳು ಹೆಡಿಯ ಸರ್ಪ ಐತಿ! ಅಪ್ಪಣಿ ಇಲ್ಲದ ಕಾಲಿಟ್ಟವನ ವಂಶ ನಿರ್ವಂಶ!" ಬಂದೇಸಾಬ ಕೆಂಪು ಲೈಟು ಬಿಟ್ಟ, ಹಿಂದೆ ತಗಡು ಬಡಿದು ಗುಡುಗು ಎಬ್ಬಿಸಿದರು. ಮುಂದಿನ ಸಾಲಿನ ಕೂಸುಗಳು ಅತ್ತವು. ನನ್ನ ಮೈಯೇ ನಡುಗಿತು!

ಇನ್ನು ನೋಡು, ಒಂದು ನರಪಿಳ್ಳೆ ಆ ಗುಡ್ಡದ ಕಡೆ ತಲೆ ಹಾಕುವುದಿಲ್ಲ.

ಒಂದು ಸಾಲು ಬರೆ. 'ಏನಿಲ್ಲ' ಅಂತಾದರೂ ಬರೆ.

ಅವ್ವ

❖

ಗವಿಕೊಪ್ಪ
೧೦ ಸೆಪ್ಟೆಂಬರ್ ೨೦೨೪

ಅವ್ವಾ,

ಏಳು ಹೆಡೆಯ ಸರ್ಪಕ್ಕೆ ಹಾಲೆರೆಯಲು ಜನ ಬರುತ್ತಿದ್ದಾರೆ.

ಮೊದಲು ಬಂದವರ ಕೈಯಲ್ಲಿ ಮೊಬೈಲಾದರೂ ಇತ್ತು, ಗಳಿಗೆ ಹೊತ್ತು ನೋಡಿ ಹೋಗುತ್ತಿದ್ದರು. ಈಗ ಬರುವವರು ಊದಿನಕಡ್ಡಿ, ಎಣ್ಣೆ, ಹಣತೆ ತಂದು ಕೂಡುತ್ತಾರೆ. ಹಾಲು-ಸಕ್ಕರೆ ಚೆಲ್ಲಿದ ಕಡೆ ಕೆಂಪಿರುವೆ ಸಾಲು ಹಿಡಿದಿವೆ. ಅವು ಮಿಣುಕುಹುಳದ ಮರಿಗಳನ್ನು ಹೊತ್ತುಕೊಂಡು ಹೋಗುತ್ತವೆ. ಬಾವಲಿಗಳು ಹೊಗೆ ತಾಳದೆ ಗವಿಯ ಹಿಂದಿನ ಬಿರುಕಿಗೆ ಸರಿದಿವೆ. ಒಬ್ಬ ಮುದುಕಿ ನನ್ನನ್ನೇ ಬೈದಳು: "ದೇವರ ಜಾಗಾದಾಗ ಚಪ್ಪಲ್ ಹಾಕ್ಕೊಂಡು ಏನ್ ಅಳತಿ ಮಾಡಾಕತ್ತೀಯ ಹುಡುಗಿ?"

ನಿನ್ನ ಉಪಕಾರ ಓದಿ ನಾನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ. ರಹಿಮಾಬಿ ಚಿಗವ್ವ ಬಂದು ಏನಾಯಿತೆಂದು ಕೇಳಿದಳು. ಹೇಳಿದೆ. ಹಿಟ್ಟಿನ ಕೈಯಲ್ಲೇ ಕುಸಿದು ಕೂತು ನಕ್ಕಳು. "ನಿಮ್ಮವ್ವ ಬೆಂಕಿ ಆರಸಾಕ ಎಣ್ಣಿ ಸುರದಾಳಲ್ಲ ಬೇಟಾ!" ಅವಳ ನಗೆಗೆ ನನಗೂ ನಗು ಬಂತು. ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ.

ನಕ್ಕ ಮೇಲೆ ಚಿಗವ್ವ ಕೇಳಿದ್ದು ಬೇರೆ: "ಗವಿ ಬಂದ್ ಮಾಡ್ರಿ ಅಂತೀಯಲ್ಲ, ನಾ ಏನ್ ಹುಳಕ್ಕ ಮಿರ್ಚಿ ಮಾರ್ಲಿ?" ಈ ಎರಡು ತಿಂಗಳಲ್ಲಿ ಅವಳ ಒಲೆ ಆರಿಲ್ಲ.

ದೀಪಾವಳಿಗೆ ಮುಂಚೆ ಗ್ರಾಮಸಭೆ. ಮೆಟ್ಟಿಲು-ಲೈಟಿನ ಮಾತು ಅಲ್ಲಿ ಪಕ್ಕಾ ಆಗುತ್ತದೆ. ಅದಾದರೆ ಗವಿ ಮುಗಿದ ಹಾಗೆ. ನಾನು ಹಿಂದಿನ ಸಭೆಯಲ್ಲಿ ಜೀವಸಂಕುಲ, ಸಮತೋಲನ ಎಂದೆಲ್ಲ ಹೇಳಿದೆ. ಜನ ಆಕಳಿಸಿದರು. ಅವರದು ತಪ್ಪಲ್ಲ, ನನಗೇ ಆಕಳಿಕೆ ಬಂತು.

ನೀನು ಇನ್ನು ಏನೂ ಮಾಡಬೇಡ. ದಯವಿಟ್ಟು.

ಭಾಗ್ಯಾ

❖

ಶಿಗ್ಗಾಂವಿ ಕ್ಯಾಂಪ್
೨ ಅಕ್ಟೋಬರ್ ೨೦೨೪

ಭಾಗ್ಯಾ,

'ಭಾಗ್ಯಶ್ರೀ' ಹೋಗಿ ಮತ್ತೆ 'ಭಾಗ್ಯಾ' ಆಗಿದ್ದೀ. ಆ ಅಕ್ಷರವನ್ನೇ ಎಷ್ಟೋ ಹೊತ್ತು ನೋಡಿದೆ.

ಕ್ಯಾಂಪು ಶಿಗ್ಗಾಂವಿಗೆ ಬಂದಿದೆ. ನಿನ್ನೆ ನಾಟಕ ಇರಲಿಲ್ಲ. ಕಾಲು ತಾನಾಗಿಯೇ, ಶಾಲೆಗೆಂದು ನಿನ್ನನ್ನು ಬಿಟ್ಟು ನಾನು ಕ್ಯಾಂಪು ತಿರುಗುತ್ತಿದ್ದೆನಲ್ಲ, ಆ ನಿನ್ನ ಹಳೆಯ ಹಾಸ್ಟೆಲ್ಲಿನ ಕಡೆ ನಡೆಯಿತು. ಗೇಟಿನ ಹತ್ತಿರ ಅಡಿಗೆಯ ಭಾಗೀರಥಿಬಾಯಿ ಕುಳಿತಿದ್ದರು. ಈಗ ಕಣ್ಣು ಅಷ್ಟು ಕಾಣುವುದಿಲ್ಲವಂತೆ. ದನಿಯಿಂದಲೇ ಗುರುತು ಹಿಡಿದರು. ಒಂದು ಮಾತು ಹೇಳಿದರು: "ನಿಮ್ಮ ಹುಡುಗಿ ಶನಿವಾರ ವರಾಂಡದ ಲೈಟ್ ಆರಿಸಗೊಡ್ತಿದ್ದಿಲ್ರಿ. ಅವ್ವ ಬಂದ್ರ ಕತ್ತಲಿ ಆಗ್ತದಂತಿದ್ದಳು."

ವರಾಂಡದಲ್ಲಿ ಈಗ ಟ್ಯೂಬ್‌ಲೈಟು ಹಾಕಿದ್ದಾರೆ. ನೋಡಿ ಬಂದೆ.

ಇರಲಿ. ಏನೂ ಮಾಡಬೇಡ ಅಂದಿದ್ದೀ. ಮಾಡುವುದಿಲ್ಲ. ಗವಿಯ ಮಾತನ್ನು ರಂಗದ ಮೇಲೆ ಇನ್ನು ತುಟಿಗೆ ತರುವುದಿಲ್ಲ, ಈ ಬಣ್ಣದ ಪೆಟ್ಟಿಗೆಯ ಮೇಲಾಣೆ. ಆದರೆ ನಿನಗೆ ಒಂದು ಸಂಗತಿ ನೆನಪು ಮಾಡಿಕೊಡುತ್ತೇನೆ. ಬೇಕಾದರೆ ಇಟ್ಟುಕೋ, ಬೇಡವಾದರೆ ಒಲೆಗೆ ಹಾಕು.

ನೀನು ಸಣ್ಣವಳಿದ್ದಾಗ, ಹಿರೇಕೆರೂರು ಕ್ಯಾಂಪಿನಲ್ಲಿ, ಒಬ್ಬ ಸಾಹುಕಾರ ಹಾರ ಹಿಡಿದುಕೊಂಡು ನಾವು ವೇಷ ಕಟ್ಟಿಕೊಳ್ಳುವ ಬಣ್ಣದ ಮನಿಗೆ ನುಗ್ಗಲು ಬಂದ. ನಾಟಕ ಇನ್ನೂ ಶುರುವಾಗಿರಲಿಲ್ಲ. ಬಂದೇಸಾಬ ಬಾಗಿಲಿಗೆ ಅಡ್ಡ ನಿಂತ. "ಹಾರಾ ರಂಗದ ಮ್ಯಾಲ ಹಾಕ್ರಿ ಸಾಹುಕಾರ್ರ. ಇದು ಬಣ್ಣದ ಮನಿ. ಇಲ್ಲಿ ನೋಡಾಕ ಬಂದವರಿಗೆ ದಾರಿ ಇಲ್ಲ." ಸಾಹುಕಾರ ಸಿಟ್ಟಾದ. ಆಗ ಒಳಗಿನಿಂದ ಭೀಮನ ಪಾರ್ಟಿನವನು ಅರ್ಧ ಮೀಸೆ ಅಂಟಿಸಿಕೊಂಡೇ ಹೊರಗೆ ಇಣುಕಿದ. ಸಾಹುಕಾರ ಹೊಟ್ಟೆ ಹಿಡಿದು ನಕ್ಕ. ಅಂದು ರಾತ್ರಿ ಭೀಮ ಗದೆ ಎತ್ತಿದಾಗಲೂ ನಕ್ಕ. ಅವನ ಸುತ್ತಲಿನವರೂ ನಕ್ಕರು. ನಾಟಕ ಸತ್ತುಹೋಯಿತು. ನೀನು ಪೆಟ್ಟಿಗೆಯ ಮೇಲೆ ಕುಳಿತು ನನ್ನನ್ನು ಕೇಳಿದ್ದೆ: "ಅವ್ವಾ, ಅವ್ರು ಒಳಗ ನೋಡಿದ್ದಕ್ಕ ಹಿಂಗಾತೇನು?"

ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಮರಿಗಳು ಗವಿಯೊಳಗೆ ತಿಂದು ಬೆಳೆಯುತ್ತವೆ, ಮೈ ತಯಾರು ಮಾಡಿಕೊಳ್ಳುತ್ತವೆ, ಸಮಯ ಬಂದಾಗ ಹೊರಗಿನ ಇಳಿಜಾರಿಗೆ ಬಂದು ದೀಪ ಹಚ್ಚುತ್ತವೆ ಅಂದಿದ್ದೀ. ಹಾಗಾದರೆ ಗವಿ ರಂಗವಲ್ಲ ಮಗಳೇ. ಗವಿ ಬಣ್ಣದ ಮನಿ! ರಂಗ ಹೊರಗಿದೆ. ನಮ್ಮ ಸೀಮೆಯ ಜನಕ್ಕೆ ಸಮತೋಲನ ತಿಳಿಯಲಿಕ್ಕಿಲ್ಲ. ಆದರೆ ಬಣ್ಣದ ಮನಿಗೆ ಹೋಗಬಾರದು, ಆಟ ಶುರುವಾಗುವ ಮೂರನೆಯ ಗಂಟೆ ಬಾರಿಸಿದ ಮೇಲೆ ದೀಪ ಆರಿಸಿ ಸುಮ್ಮನೆ ಕೂಡಬೇಕು, ಇದು ಅವರಿಗೆ ತೊಟ್ಟಿಲಿನಿಂದಲೇ ಗೊತ್ತು.

ನಾನು ಬರುವುದಿಲ್ಲ. ನಾನು ಬಂದರೆ ಸಭೆ ನನ್ನ ನಾಟಕವಾಗಿಬಿಡುತ್ತದೆ. ಬಂದೇಸಾಬನ ಕೈಯಲ್ಲಿ ಕಂಪನಿಯ ಹಳೆಯ ಗಂಟೆ, ಅರಮನೆ ಸೀನಿನ ಹಳೆಯ ಪರದೆ ಕೊಟ್ಟು ಕಳಿಸುತ್ತಿದ್ದೇನೆ. ಮಾಲಕರನ್ನು ಕೇಳಿಯೇ ಕೊಟ್ಟಿದ್ದು. ಮಾತು ನಿನ್ನದೇ ಇರಲಿ.

ಬಾಯಿಗೆ ಬೀಗ ಹಾಕಿಕೊಂಡ,
ಅವ್ವ

❖

ಗವಿಕೊಪ್ಪ
೩ ನವೆಂಬರ್ ೨೦೨೪

ಅವ್ವಾ,

ಸಭೆ ನಡೆಯಿತು. ಎಲ್ಲವನ್ನೂ ಬರೆಯುತ್ತೇನೆ, ನೀನು ಅರ್ಧ ಬಿಟ್ಟರೆ ಸಿಟ್ಟಾಗುತ್ತೀ.

ಶಾಲೆಯ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಪ್ರಭು ಅವರು ಮೆಟ್ಟಿಲಿನ ಚಿತ್ರ, ಬಣ್ಣದ ಲೈಟಿನ ಚಿತ್ರ ತೋರಿಸಿದರು. ಕೆಟ್ಟ ಮನುಷ್ಯರಲ್ಲ. "ಮೇಡಮ್ಮಾರ, ನನಗೂ ಹುಳದ ಮ್ಯಾಲ ಸಿಟ್ಟಿಲ್ರಿ. ಜನ ಬಂದ್ರ ಊರಿಗೆ ಬಸ್ ಬರ್ತದ. ಬಸ್ ಬಂದ್ರ ನಮ್ಮ ಹುಡುಗ್ಯಾರು ಕಾಲೇಜಿಗೆ ಹೋಗ್ತಾರ. ಕತ್ತಲಿ ತೋರಸ್ತೀನಿ ಅಂದ್ರ ಯಾರ್ ಬರ್ತಾರ ಹೇಳ್ರಿ?" ಅಂದರು. ಎಲ್ಲರೂ ತಲೆದೂಗಿದರು. ನಾನೂ ಹಾಸ್ಟೆಲ್ಲಿನಲ್ಲಿ ಓದಿದವಳು, ಬಸ್ಸಿನ ಮಾತಿಗೆ ನನ್ನ ತಲೆಯೂ ಆಡಿತು.

ನನ್ನ ಪಾಳಿ ಬಂತು. ಬರೆದುಕೊಂಡಿದ್ದ ಹಾಳೆಯನ್ನು ತೆಗೆಯಲಿಲ್ಲ. ಬಂದೇಸಾಬ ಕಾಕಾನಿಗೆ ಕಣ್ಸನ್ನೆ ಮಾಡಿದೆ. ಮೊದಲನೆಯ ಗಂಟೆ. ಜನ ತಿರುಗಿ ನೋಡಿದರು. ಎರಡನೆಯ ಗಂಟೆ. ಅವ್ವಾ, ನೀನು ನಂಬುವುದಿಲ್ಲ, ಬಾಗಿಲಲ್ಲಿ ನಿಂತವರು ಒಳಗೆ ಬಂದು ಕೂತರು, ಬೀಡಿ ಆರಿಸಿದರು, ತಾಯಂದಿರು ಕೂಸುಗಳನ್ನು ತೊಡೆಗೆ ಎಳೆದುಕೊಂಡರು. ಮೂರನೆಯ ಗಂಟೆಗೆ ಕಾಕಾ ಒಳಗಿನ ಲೈಟು ಆರಿಸಿದ. ಯಾರೂ ಕೆಮ್ಮಲಿಲ್ಲ. ಅದೇ ಜನ, ಹಿಂದಿನ ಸಭೆಯಲ್ಲಿ ಆಕಳಿಸಿದವರು.

ಆ ಕತ್ತಲಲ್ಲಿ ಹೇಳಿದೆ. ನಿನ್ನಷ್ಟು ದೊಡ್ಡ ದನಿಯಲ್ಲಲ್ಲ. "ಗವಿ ಅಂದ್ರ ಬಣ್ಣದ ಮನಿ. ಅಲ್ಲಿ ಪಾತ್ರದವ್ರು ತಯಾರಾಗಾಕತ್ತಾರ. ನಾವು ಟಾರ್ಚ್ ಹಿಡದು ಒಳಗ ನುಗ್ಗಿ ಅರ್ಧ ಮೀಸಿ ನೋಡಿ ನಗಾಕತ್ತೇವಿ. ಹಿಂಗಾದ್ರ ನಾಟಕ ಹೆಂಗ ಆಗ್ತದ?" ಹೆಣ್ಣಿನ ದೀಪದ ಮಾತನ್ನೂ ಹೇಳಿದೆ. ಯಾಕೆ ಆರಬೇಕು ಅನ್ನುವುದನ್ನು ಹೇಳುವಾಗ ನನ್ನ ದನಿ ಸ್ವಲ್ಪ ತಪ್ಪಿತು.

ಲೈಟು ಬಂದಾಗ ಮೊದಲು ಎದ್ದವಳು ರಹಿಮಾಬಿ ಚಿಗವ್ವ. "ಅಲ್ರಿ ಅಧ್ಯಕ್ಷರ, ನಾಟಕದ ಥೇಟರಿನ್ಯಾಗ ಮಿರ್ಚಿ ಎಲ್ಲಿ ಮಾರ್ತಾರ? ಹೊರಗ! ನಾಟಕಾನ ಇಲ್ಲದಿದ್ರ ಹೊರಗ ಯಾರಿಗೆ ಮಾರ್ಲಿ? ಈ ವರ್ಷ ಹುಳಾ ತುಳದು ಸಾಯಿಸಿದ್ರ ಮುಂದಿನ ವರ್ಷ ನನ್ನ ಬಾಣಲಿ ನೋಡಾಕ ಬರ್ತಾರೇನು ಜನ?" ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಭು ಅವರೂ ನಕ್ಕರು. ಆ ನಗೆಯಲ್ಲೇ ಮಾತು ಹಗುರಾಯಿತು.

ಒಂದು ಮಳೆಗಾಲ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಮೆಟ್ಟಿಲೂ ಇಲ್ಲ, ಲೈಟೂ ಇಲ್ಲ. ಗವಿಗೆ ಯಾರಿಗೂ ಪ್ರವೇಶವಿಲ್ಲ. ಹಾಲು ಎರೆಯುವವರಿಗೆ ಗುಡ್ಡದ ಕೆಳಗಿನ ಬೇವಿನ ಕಟ್ಟೆಯೇ ಸ್ಥಳ ಎಂದು ಹಿರಿಯರು ಒಪ್ಪಿಸಿದ್ದಾರೆ. ಇಳಿಜಾರಿನ ಎದುರಿಗೆ ಒಂದು ಹಾಸುಬಂಡೆ ಇದೆ. ನೋಡುವವರು ಅಲ್ಲಿ ಕೂಡಬೇಕು. ಮೊಬೈಲು, ಟಾರ್ಚು ಚಿಗವ್ವನ ಅಂಗಡಿಯ ಬುಟ್ಟಿಯಲ್ಲಿ. ನಿನ್ನ ಅರಮನೆಯ ಪರದೆಯನ್ನು ಗವಿಯ ಬಾಯಿಗೆ ಕಟ್ಟಬೇಕೆಂದು ಕಾಕಾ ಹಟ ಹಿಡಿದ. ಬಾವಲಿಗಳು ಹಾರುವುದು ಬೇಡವೇ? ಗವಿಗೆ ಹೋಗುವ ಕಾಲುದಾರಿಗೆ ಅಡ್ಡ ಕಟ್ಟಿ ಮೇಲೆ ತಗಡು ಹೊದಿಸಿದ್ದೇವೆ.

ಒಂದು ಹೇಳಿಬಿಡುತ್ತೇನೆ. ಈ ಮಳೆಗಾಲದಲ್ಲಿ ಎಷ್ಟು ತತ್ತಿ ಉಳಿದಿವೆಯೋ ಗೊತ್ತಿಲ್ಲ. ಮುಂದಿನ ಜೂನಿನಲ್ಲಿ ಗಂಟೆ ಬಾರಿಸಿ, ಊರನ್ನೆಲ್ಲ ಕತ್ತಲಲ್ಲಿ ಕೂಡಿಸಿ, ಒಂದೂ ಚುಕ್ಕಿ ಕಾಣದೆ ಹೋದರೆ? ಆಮೇಲೆ ಲೈಟು ಹಾಕಬೇಡಿ ಅನ್ನಲು ನನ್ನ ಬಾಯಿಗೆ ಮಾತಿರುವುದಿಲ್ಲ.

ಭಾಗೀರಥಿಬಾಯಿಯವರು ಬಹಳ ಮಾತಾಡುತ್ತಾರೆ.

ನಿನ್ನ ಭಾಗ್ಯಾ

❖

ಹಿರೇಕೆರೂರು ಕ್ಯಾಂಪ್
೧೬ ಜನವರಿ ೨೦೨೫

ಭಾಗ್ಯಾ, ನನ್ನ ರಂಗದ ರಾಣಿಯೇ,

ನಿನ್ನ ಕಾಗದವನ್ನು ಇಡೀ ಕಂಪನಿಗೆ ಓದಿ ಹೇಳಬೇಕೆಂದು ಎದ್ದು ನಿಂತೆ. ಗಂಟಲು ಸರಿ ಮಾಡಿಕೊಂಡೆ. ಮತ್ತೆ ಕುಳಿತೆ. ಓದಲಿಲ್ಲ ನೋಡು! ಇದಕ್ಕಾದರೂ ಒಂದು ಚಪ್ಪಾಳೆ ಹೊಡೆ.

ಒಂದೂ ಚುಕ್ಕಿ ಕಾಣದಿದ್ದರೆ ಅಂದಿದ್ದೀ. ಮೊದಲ ಆಟಕ್ಕೆ ನಾಲ್ಕೇ ಜನ ಬಂದ ರಾತ್ರಿಗಳನ್ನು ನಾನು ಕಂಡಿದ್ದೇನೆ. ಆ ನಾಲ್ಕು ಜನಕ್ಕೂ ಪೂರಾ ಮುಖಕ್ಕೆ ಬಣ್ಣ ಹಚ್ಚಿಕೊಂಡೇ ನಿಂತೆವು. ಕಂಪನಿ ಇನ್ನೂ ಇದೆ. ನಿನ್ನ ಪಾತ್ರದವರೂ ಹಾಗೇ, ಬರುವಷ್ಟು ಜನ ಬರುತ್ತಾರೆ.

ಇಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಬೆಳಿಗ್ಗೆ ಎದ್ದು ಚಹಾ ಕುಡಿಯುವತನಕ ಸುಮ್ಮನಿರುವುದು. ಮಾಲಕರು ಹೆದರಿ ಡಾಕ್ಟರನ್ನು ಕರೆಸಿದ್ದರು.

ಆ ಹಾಸುಬಂಡೆಯ ಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿಗೆ ಜಾಗ ಇದೆಯೋ ಇಲ್ಲವೋ, ನಾನು ಕೇಳುವುದಿಲ್ಲ. ಕೇಳಿದೆ ಅಂತ ತಿಳಿಯಬೇಡ.

ಅವ್ವ

❖

ಗವಿಕೊಪ್ಪ
೧೫ ಜೂನ್ ೨೦೨೫

ಅವ್ವಾ,

ಮಳೆ ಹಿಡಿದು ವಾರವಾಯಿತು. ಹುಲ್ಲು ಎದ್ದಿದೆ. ಬಾವಲಿಗಳು ಹಿಂದಿನ ಬಿರುಕಿನಿಂದ ಛತ್ತಿಗೆ ಮರಳಿವೆ, ಕೆಳಗೆ ಹೊಸ ಹಿಕ್ಕೆ ಬಿದ್ದಿದೆ. ಬಸವನಹುಳಗಳೂ ಕಾಣುತ್ತಿವೆ. ಮಿಣುಕುಹುಳ ಮಾತ್ರ ಇನ್ನೂ ಒಂದೂ ಇಲ್ಲ.

ಪ್ರಭು ಅವರು ದಿನಾ ಬಂದು ಇಳಿಜಾರು ನೋಡಿ ಹೋಗುತ್ತಾರೆ. ನಿನ್ನೆ "ಮೇಡಮ್ಮಾರ, ಊಟಾ ಮಾಡ್ರಿ, ಸೊರಗಿದ್ರಿ" ಅಂದರು.

ಜುಲೈ ಐದು, ಶನಿವಾರ, ಮೊದಲ ಆಟ ಇಟ್ಟಿದ್ದೇವೆ. ಹುಳ ಬಂದರೂ, ಬರದಿದ್ದರೂ.

ಮುಂದಿನ ಸಾಲಿನಲ್ಲಿ ಒಂದು ಚಾಪೆ ಹಾಸಿಟ್ಟಿರುತ್ತೇನೆ.

ಭಾಗ್ಯಾ

❖

ಹಾನಗಲ್ಲ ಬಸ್‌ಸ್ಟ್ಯಾಂಡ್
೬ ಜುಲೈ ೨೦೨೫

ಭಾಗ್ಯಾ,

ಬೆಳಿಗ್ಗೆ ನಿನ್ನ ಕೈಯ ಚಹಾ ಕುಡಿದು ಜೀಪು ಹತ್ತಿದವಳು ಇಲ್ಲಿ ಇಳಿದ ಕೂಡಲೇ ಕಾಗದ ಕೊಂಡು ಕುಳಿತಿದ್ದೇನೆ. ನಿನ್ನೆಯಿಂದ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಎದುರಿಗೆ ಕುಳಿತು ಹೇಳಲು ಬಾರದ್ದು ಬರೆಯಲು ಬರುತ್ತದೆ, ಈ ವರ್ಷ ಕಲಿತ ವಿದ್ಯೆ ಇದು.

ನಾನು ಕಂಡದ್ದನ್ನು ನಿನಗೇ ಹೇಳುತ್ತೇನೆ. ನೀನು ಗಂಟೆಯ ಹತ್ತಿರ ನಿಂತಿದ್ದೆ, ಪ್ರೇಕ್ಷಕರ ಮುಖ ನಿನಗೆ ಕಂಡಿರಲಿಕ್ಕಿಲ್ಲ.

ಬುಟ್ಟಿಗೆ ಮೊಬೈಲು ಹಾಕುವಾಗ ಒಬ್ಬ ತರುಣ ರಹಿಮಾಬಿಯ ಹತ್ತಿರ ವಾದಕ್ಕೆ ನಿಂತ: "ಫೋಟೋ ಇಲ್ಲಂದ್ರ ಬಂದಿದ್ದಕ್ಕ ಪುರಾವೆ ಏನ್ರೀ?" ರಹಿಮಾಬಿ ಅವನ ಕೈಗೆ ಒಂದು ಮಿರ್ಚಿ ಇಟ್ಟಳು: "ತಿನ್ನು. ನಾಳಿ ಮುಂಜಾನಿ ಪುರಾವೆ ಸಿಗ್ತದ." ಅವಳ ಮುಂದೆ ನಮ್ಮ ಕಂಪನಿಯ ಹಾಸ್ಯನಟರು ನೀರು ಹೊರಬೇಕು!

ಅರಮನೆಯ ಪರದೆ ಕಾಲುದಾರಿಗೆ ಅಡ್ಡ ನಿಂತಿತ್ತು. ತಗಡಿದ್ದರೂ ಇರಚಲಿಗೆ ಒಂದು ಕಂಬದ ಬಣ್ಣ ಇಳಿದಿದೆ. ಎಷ್ಟೋ ರಾಜರು ಆ ಪರದೆಯ ಮುಂದೆ ಮೆರೆದರು. ಅದರ ಹಿಂದೆ ಇಷ್ಟು ದೊಡ್ಡ ಪಾತ್ರದವರು ಎಂದೂ ಇರಲಿಲ್ಲ.

ಮೊದಲನೆಯ ಗಂಟೆ. ನನ್ನದೇ ಪಾರ್ಟು ಇದ್ದ ಹಾಗೆ ಸೆರಗು ಸರಿಮಾಡಿಕೊಂಡೆ. ಎರಡನೆಯದು. ಪ್ರಭು ಅವರು ಬಂದು ನನ್ನ ಚಾಪೆಯ ಅಂಚಿಗೆ ಕುಳಿತರು. ಮೂರನೆಯ ಗಂಟೆಯನ್ನು ನೀನೇ ಹೊಡೆದೆ. ಊರ ಕಡೆಯ ಬೀದಿದೀಪಗಳೂ ಆರಿದವು. ಅದನ್ನು ಪ್ರಭು ಅವರೇ ಹೇಳಿ ಮಾಡಿಸಿದ್ದಂತೆ, ನಿನಗೂ ಹೇಳಿರಲಿಲ್ಲವಂತೆ.

ಕತ್ತಲು. ಏನೂ ಇಲ್ಲ. ಮಳೆಹನಿ ಎಲೆಯಿಂದ ಎಲೆಗೆ ಬೀಳುವ ಸಪ್ಪಳ. ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಭಾಗ್ಯಾ, ರಂಗದ ಮೇಲೆ ಮಾತು ಮರೆತವರಿಗೆ ಪರದೆಯ ಹಿಂದಿನಿಂದ ಮಾತು ಎತ್ತಿಕೊಟ್ಟು ಅಭ್ಯಾಸವಾದವಳು ನಾನು. ಆ ಇಳಿಜಾರಿಗೆ ಏನಾದರೂ ಕೂಗಬೇಕು ಅನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಆಮೇಲೆ ಒಂದು. ಒಂದೇ ಒಂದು, ಹಸಿರು. ಯಾರೋ ಹುಲ್ಲಿನೊಳಗೆ ಕಣ್ಣು ತೆರೆದ ಹಾಗೆ. ಅದರ ಕೆಳಗೆ ಇನ್ನೊಂದು. ಬಂಡೆಯ ಬುಡದಲ್ಲಿ ಎರಡು. ಆಕಾಶವೇನೂ ಗುಡ್ಡಕ್ಕೆ ಇಳಿದಿರಲಿಲ್ಲ, ಹೋದ ವರ್ಷ ನಾನು ಥೇಟರಿನಲ್ಲಿ ಕೂಗಿದ ಹಾಗೆ. ಅಲ್ಲೊಂದು ಇಲ್ಲೊಂದು, ಬಡವರ ಮನೆಯ ದೀಪಾವಳಿಯಷ್ಟು. ಆದರೆ ಬಂಡೆಯ ತುಂಬ ಕುಳಿತ ಜನ ಉಸಿರು ಹಿಡಿದಿದ್ದರು. ನನ್ನ ಇಡೀ ಆಯುಷ್ಯದಲ್ಲಿ ಅಂಥ ನಿಶ್ಶಬ್ದವನ್ನು ನಾನು ಒಂದು ಥೇಟರಿಗೂ ಕೊಟ್ಟಿಲ್ಲ.

ನೀನು ಬಂದು ನನ್ನ ಪಕ್ಕದಲ್ಲಿ ಕುಳಿತದ್ದು ಆಗಲೇ. ಕೈ ತಣ್ಣಗಿತ್ತು.

ಮೊದಲು ಹಚ್ಚಿದವಳನ್ನೇ ನಾನು ನೋಡುತ್ತಿದ್ದೆ. ಎಷ್ಟು ಹೊತ್ತೋ ತಿಳಿಯದು. ಕಣ್ಣು ಕೀಳಲಿಲ್ಲ. ಸಣ್ಣದೇನೋ ಅವಳ ಕಡೆ ಹಾರಿ ಬಂದ ಹಾಗಾಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಹಸಿರು ಮೆಲ್ಲಗೆ ಸಣ್ಣಗಾಯಿತು. ಆರಿತು.

ಹಿಂದಿನಿಂದ ಒಬ್ಬ ಹೆಂಗಸು ಮೆಲ್ಲಗೆ, "ಅಯ್ಯ, ಪಾಪ, ಆರಿತಲ್ಲ" ಅಂದಳು.

ಅವಳಿಗೆ ತಿರುಗಿ ಹೇಳಬೇಕು ಅನ್ನಿಸಿತು. ಇಡೀ ಗುಡ್ಡಕ್ಕೆ ಕೇಳುವ ಹಾಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನಿನ್ನ ಕೈ ಒತ್ತಿದೆ. ನೀನೂ ಒತ್ತಿದೆ.

ಅವಳು ಕಾಯುತ್ತಿದ್ದದ್ದು ಬಂದಿತ್ತು, ಅಲ್ಲವೇ?

ಬಸ್ಸು ಬಂತು. ಬರುವ ಶನಿವಾರ ನಮ್ಮದೂ ಆಟವಿದೆ. ಆದಿತ್ಯವಾರ ಇಲ್ಲ. ಆದಿತ್ಯವಾರ ಸಂಜೆಯ ಬಸ್ಸಿಗೆ ಹಾನಗಲ್ಲಿನಲ್ಲಿ ಇಳಿದು ಬರುತ್ತೇನೆ. ಲೈಟು ಹಚ್ಚಿಡಬೇಡ, ಹುಳಗಳಿಗೆ ತೊಂದರೆ. ದಾರಿ ನನಗೆ ಗೊತ್ತಾಗಿದೆ.

ನಿನ್ನ
ಅವ್ವ